ಗುರುಗಳಲ್ಲಿ ಶಿಫಾರಸು ಪತ್ರವನ್ನು ಕೇಳುವ ಬಗೆ

ವಿಶಾಖಪಟ್ಟಣದ ಬಂದರಿಗೆ ಸಮೀಪದ ಹಳೆಯ ಪೇಟೆಗೆ ಒನ್ ಟೌನ್ ಎಂದು ಹೆಸರು. ಅಲ್ಲಿಯ ಸೇಂಟ್ ಅಲೋಷಿಯಸ್ ಶಾಲೆಯಲ್ಲಿ ಸರ್ ಸಿ. ವಿ. ರಾಮನ್ ಓದಿದರು. ಅವರ ತಂದೆಯವರು ಅದೇ ಊರಿನ ಎ.ವಿ.ಎನ್. ಕಾಲೇಜಿನಲ್ಲಿ ಉಪನ್ಯಾಸಕರಾಗಿದ್ದರು. ಹೂವಿನಹಡಗಲಿಯಲ್ಲಿ 1920ರಲ್ಲಿ ಜನಿಸಿದ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಅವರೂ ಮುಂದೆ ಅದೇ ಕಾಲೇಜಿನ ವಿದ್ಯಾರ್ಥಿಯಾದರು. ಆಂಧ್ರ ವಿಶ್ವವಿದ್ಯಾನಿಲಯದಲ್ಲಿ ಗಣಿತದ ಎಂ.ಎ. ಮುಗಿಸಿದ ಬಳಿಕ ರಾವ್ ಅವರು ಅಲ್ಲಿಯೇ ಸಂಶೋಧನ ವಿದ್ಯಾರ್ಥಿವೇತನವನ್ನು ಬಯಸಿದರು. ಅರ್ಜಿ ತಡವಾಯಿತೆಂಬ ಕಾರಣದಿಂದ ಅದು ತಿರಸ್ಕೃತವಾಯಿತು. ಅಂತಹ ಪ್ರತಿಭೆಗಾಗಿಯೂ ಗಡುವು ಕಾಯಲಿಲ್ಲವೆಂಬುದನ್ನು ಇಂದಿನ ವಿದ್ಯಾರ್ಥಿಗಳೂ ಅವರ ತಂದೆತಾಯಿಗಳೂ ಗಮನಿಸಬೇಕು.

ಎಲ್ಲ ಫೆಲೋಶಿಪ್‌ಗಳಿಗೂ ಶಿಫಾರಸು ಪತ್ರ ಬೇಕಾಗುವುದಿಲ್ಲ. ನೆಟ್ ಪರೀಕ್ಷೆಯ ಮೂಲಕ ದೊರೆಯುವ ಜೂನಿಯರ್ ರಿಸರ್ಚ್ ಫೆಲೋಶಿಪ್‌ಗೆ ಪರೀಕ್ಷೆಯ ಅಂಕಗಳೇ ಆಧಾರ. ಆದರೆ ರಾಮನ್ ಅವರು 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್, ಇನ್ನೆರಡು ವಿಜ್ಞಾನ ಅಕಾಡೆಮಿಗಳೊಡನೆ ನಡೆಸುತ್ತ ಬಂದಿರುವ ಬೇಸಗೆಯ ಸಂಶೋಧನ ಫೆಲೋಶಿಪ್‌ನಂತಹವುಗಳಿಗೆ ಅಧ್ಯಾಪಕರ ಪತ್ರ ಅವಶ್ಯಕ.

ಪರಸ್ಥಳಕ್ಕೆ ಬಂದು ನೆಲೆಸಿದ ಕುಟುಂಬಗಳಲ್ಲಿ ‘ಶಿಫಾರಸು’ ಎಂದೊಡನೆ ‘ವಶೀಲಿ’ ಎಂಬ ಅರ್ಥವೇ ಮನಸ್ಸಿಗೆ ಬರುವುದುಂಟು. ಈ ಊರಿನಲ್ಲಿ ತಮಗೆ ಬಲ್ಲವರಿಲ್ಲವೆಂದು ಮಕ್ಕಳು ಹಿಂಜರಿಯುತ್ತಾರೆ. ಇದು ತಪ್ಪು ಕಲ್ಪನೆ. ಈ ಪತ್ರ ಕೃಪೆಯ ಚೀಟಿಯಲ್ಲ, ಸಾಕ್ಷ್ಯ. ವಿದ್ಯಾರ್ಥಿ ಎಂತಹ ಪ್ರಶ್ನೆಗಳನ್ನು ಕೇಳಿದನು, ಪ್ರಯೋಗ ಕೈಕೊಟ್ಟಾಗ ಏನು ಮಾಡಿದನು ಎಂಬುದನ್ನು ಅಂಕಪಟ್ಟಿ ಹೇಳಲಾರದು. ಕಣ್ಣಾರೆ ಕಂಡ ಗುರು ಹೇಳಬಲ್ಲರು. ಆದುದರಿಂದ ದೂರದ ದೊಡ್ಡ ಹೆಸರಿಗಿಂತ, ಈಗ ಪಾಠ ಹೇಳುತ್ತಿರುವ ಪ್ರಾಧ್ಯಾಪಕರ ಪತ್ರಕ್ಕೆ ತೂಕ ಹೆಚ್ಚು. ಆದರೆ ಅವರ ತರಗತಿ ಆರಂಭವಾಗಿ ಕೆಲವೇ ವಾರಗಳಾಗಿದ್ದರೆ ಹಿಂದಿನ ವರ್ಷದ ಅಧ್ಯಾಪಕರನ್ನು ಕೇಳುವುದು ಲೇಸು.

ಕೇಳುವುದಕ್ಕೂ ಒಂದು ಕ್ರಮವುಂಟು. ಗಡುವಿಗೆ ಕನಿಷ್ಠ ನಾಲ್ಕು ವಾರಗಳ ಮೊದಲೇ, ತರಗತಿಯ ಗದ್ದಲದಲ್ಲಲ್ಲದೆ, ಸಮಯ ಕೇಳಿಕೊಂಡು ಕೊಠಡಿಗೆ ಹೋಗಿ ಕಾಣಬೇಕು. “ಸರ್, ನನ್ನ ಕೆಲಸವನ್ನು ತಾವು ನೋಡಿದ್ದೀರಿ. ಈ ಫೆಲೋಶಿಪ್‌ಗೆ ನನ್ನ ಪರವಾಗಿ ಒಳ್ಳೆಯ ಪತ್ರ ಬರೆಯಲು ತಮಗೆ ಸಾಧ್ಯವಾದೀತೆ?” ಎಂದು ಕೇಳಿದರೆ ಸಾಕು. ಈ ಮಾತಿನಲ್ಲಿ ಇಲ್ಲವೆನ್ನಲು ಗುರುಗಳಿಗೂ ಅವಕಾಶವಿದೆ. ಅರೆಮನಸ್ಸಿನ ಪತ್ರಕ್ಕಿಂತ ಸ್ಪಷ್ಟವಾದ ನಿರಾಕರಣೆ ಮೇಲು; ಬೇರೊಬ್ಬರನ್ನು ಕೇಳಲು ಕಾಲವಾದರೂ ಉಳಿಯುತ್ತದೆ.

ಅವರು ಒಪ್ಪಿದ ಕೂಡಲೇ ಅಂಕಪಟ್ಟಿ, ಅರ್ಜಿಯ ಪ್ರತಿ, ಫೆಲೋಶಿಪ್‌ನ ವಿವರ ಮತ್ತು ಅವರ ಕೈಕೆಳಗೆ ಮಾಡಿದ ಕೆಲಸಗಳ ಒಂದು ಪುಟದ ಟಿಪ್ಪಣಿಯನ್ನು ಒಪ್ಪಿಸಬೇಕು. ಕಡೆಯ ದಿನಾಂಕವನ್ನು ಮೇಲ್ಭಾಗದಲ್ಲಿ ಎದ್ದು ಕಾಣುವಂತೆ ಬರೆದಿರಬೇಕು. ಗಡುವಿಗೆ ಒಂದು ವಾರವಿರುವಾಗ ವಿನಯದಿಂದ ನೆನಪಿಸುವುದು ಉದ್ಧಟತನವಲ್ಲ.

“ನೀನೇ ಬರೆದು ತಾ, ಸಹಿ ಹಾಕುತ್ತೇನೆ” ಎನ್ನುವ ಪ್ರಾಧ್ಯಾಪಕರೂ ಉಂಟು. ಆಗ ಪೂರ್ಣ ಪತ್ರದ ಬದಲು ಸಂಗತಿಗಳ ಪಟ್ಟಿಯನ್ನು ನೀಡಿ, ಮಾತು ಅವರದೇ ಆಗಲೆಂದು ಬೇಡಿಕೊಳ್ಳುವುದು ಸರಿಯಾದ ಮಾರ್ಗ. ತನ್ನನ್ನು ತಾನೇ ಹೊಗಳಿಕೊಂಡ ಪತ್ರದಲ್ಲಿ ಗುರುವಿನ ಸಾಕ್ಷ್ಯವಿರುವುದಿಲ್ಲ. ಅರ್ಜಿಯಲ್ಲಿ ಹೇಳಿದ್ದೇ ಇನ್ನೊಮ್ಮೆ ಬಂದಂತಾಗುತ್ತದೆ.

ಕೇಳಲು ನಾಚಿ ದಿನ ದೂಡುವ ವಿದ್ಯಾರ್ಥಿ ಕಡೆಯ ವಾರದಲ್ಲಿ ನಿದ್ದೆಗೆಡುತ್ತಾನೆ, ಊಟ ಬಿಡುತ್ತಾನೆ. ಈ ಆತಂಕಕ್ಕೆ ಮೊದಲ ಮದ್ದು ಬೇಗ ಕೇಳುವುದೇ. ತಂದೆತಾಯಿಗಳು ತಾವೇ ಪ್ರಾಧ್ಯಾಪಕರ ಮನೆಗೆ ಹೋಗದೆ, ಮಗನಿಗೋ ಮಗಳಿಗೋ ಧೈರ್ಯ ಹೇಳಿ ಕಳುಹಿಸಿದರೆ ಅದೇ ದೊಡ್ಡ ನೆರವು. ಫಲಿತಾಂಶ ಏನೇ ಆಗಲಿ, ಅದನ್ನು ಗುರುಗಳಿಗೆ ತಿಳಿಸಿ ಕೃತಜ್ಞತೆ ಸಲ್ಲಿಸುವುದನ್ನು ಮರೆಯಬಾರದು.

ಫೆಲೋಶಿಪ್ ದೊರೆಯದಿದ್ದರೂ ದಾರಿ ಮುಗಿಯುವುದಿಲ್ಲ. ತಿರಸ್ಕೃತರಾದ ರಾವ್ ಅವರು 1941ರಲ್ಲಿ ಕಲ್ಕತ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಸೇರಿದರು. 1948ರಲ್ಲಿ ಕೇಂಬ್ರಿಜ್‌ನಲ್ಲಿ ಡಾಕ್ಟರೇಟ್ ಪಡೆದರು. 2023ರಲ್ಲಿ, ತಮ್ಮ 102ನೆಯ ವಯಸ್ಸಿನಲ್ಲಿ, ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿಗೆ ಪಾತ್ರರಾದರು. ‘ಮುಂದೆ ಗುರಿ, ಹಿಂದೆ ಗುರು’ ಎಂಬುದು ಹಿರಿಯರ ಮಾತು. ಗುರು ಹಿಂದೆ ನಿಲ್ಲಬೇಕಾದರೆ ಶಿಷ್ಯ ಸಕಾಲದಲ್ಲಿ ಹೋಗಿ ಕೇಳಬೇಕು.