ಮಣ್ಣಿನ ಸೂಕ್ಷ್ಮಜೀವಿಗಳೂ ಅವು ತಯಾರಿಸುವ ವಿಷವೂ

ಹೊಲದ ಮಣ್ಣು ಬರಿಯ ಜಡವಸ್ತುವೆಂದು ಭಾವಿಸುವವರು ಇನ್ನೂ ಅನೇಕರಿರುವರು. ಮುಂಗಾರಿನ ಮೊದಲ ಮಳೆ ಬಿದ್ದೊಡನೆ ಭೂಮಿಯಿಂದ ಏಳುವ ವಾಸನೆಯನ್ನು ಅರಿಯದ ಬೇಸಾಯಗಾರನಿಲ್ಲ. ಆದರೆ ಆ ವಾಸನೆಯು ಬಹುಮಟ್ಟಿಗೆ ಮಣ್ಣಿನದಲ್ಲ; ಮಣ್ಣಿನೊಳಗೆ ವಾಸಿಸುವ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾಗಳು ಉಂಟುಮಾಡುವ ಜಿಯೋಸ್ಮಿನ್ ಎಂಬ ವಸ್ತುವಿನದು. ಇವು ಬೂಷ್ಟಿನಂತೆ ಎಳೆ ಎಳೆಯಾಗಿ ಹಬ್ಬಿ, ಒಣಗಿದ ಎಲೆ, ಬೇರು, ಕಸಕಡ್ಡಿಗಳನ್ನು ಕೊಳೆಯಿಸಿ ಪೈರಿಗೆ ಸಾರವನ್ನೊದಗಿಸುವುವು. ಇವುಗಳ ಉಪಕಾರವು ಇಷ್ಟಕ್ಕೇ ನಿಲ್ಲುವುದಿಲ್ಲ. ಮನುಷ್ಯನ ರೋಗಗಳಿಗೆ ಬಳಸುವ ಪ್ರತಿಜೀವಕ ಔಷಧಗಳಲ್ಲಿ ಬಹಳಷ್ಟು ಮೊದಲು ದೊರೆತುದು ಇವುಗಳಿಂದಲೇ.

ಕ್ಷಯರೋಗಕ್ಕೆ ಮೊಟ್ಟಮೊದಲು ಗುಣಕೊಟ್ಟ ಪ್ರತಿಜೀವಕವಾದ ಸ್ಟ್ರೆಪ್ಟೊಮೈಸಿನ್ ಕಂಡುಬಂದುದು ಆಸ್ಪತ್ರೆಯಲ್ಲಲ್ಲ, ವ್ಯವಸಾಯ ಪ್ರಯೋಗಶಾಲೆಯಲ್ಲಿ. ಅಮೆರಿಕಾ ಸಂಯುಕ್ತ ಸಂಸ್ಥಾನದ ನ್ಯೂಜೆರ್ಸಿ ಪ್ರಾಂತದ ರಟ್ಗರ್ಸ್ ವಿದ್ಯಾಲಯದಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳ ಶಾಸ್ತ್ರವನ್ನು ಬೋಧಿಸುತ್ತಿದ್ದ ಸೆಲ್ಮನ್ ವಾಕ್ಸ್‌ಮನ್ ಎಂಬವರ ಕೈಕೆಳಗೆ ಆಲ್ಬರ್ಟ್ ಶಾಟ್ಸ್ ಎಂಬ ತರುಣನು 1943ನೆಯ ಇಸವಿಯಲ್ಲಿ ಇದನ್ನು ಕಂಡುಹಿಡಿದನು. ಇದನ್ನು ತಯಾರಿಸುವ ಸ್ಟ್ರೆಪ್ಟೊಮೈಸಿಸ್ ಗ್ರಿಸಿಯಸ್ ಎಂಬ ಜೀವಿಯು ಅವನಿಗೆ ದೊರೆತುದು ಹೇರಳವಾಗಿ ಗೊಬ್ಬರ ಹಾಕಿದ ಹೊಲದ ಮಣ್ಣಿನಲ್ಲಿ ಮತ್ತು ಒಂದು ಕೋಳಿಯ ಗಂಟಲಿನಲ್ಲಿ. 1952ರ ನೊಬೆಲ್ ಬಹುಮಾನವು ಗುರುವಿಗೆ ಮಾತ್ರ ಸಂದಿತು. ರಾತ್ರಿಹಗಲು ದುಡಿದ ಶಿಷ್ಯನಿಗೆ ಪಾಲು ಬರಲಿಲ್ಲವೆಂಬುದು ಖೇದಕರವಾದ ವಿಷಯ.

ಈ ವಿಷವು ಕೆಲಸಮಾಡುವ ಬಗೆಯನ್ನು ಸ್ವಲ್ಪ ವಿವರಿಸಬೇಕಾಗುವುದು. ಜೀವಕೋಶದ ಬಹುಪಾಲು ಕೆಲಸಗಳು ಸಸಾರಜನಕಗಳಿಂದ ನಡೆಯತಕ್ಕವು. ಅವುಗಳನ್ನು ತಯಾರಿಸುವ ಸಾಧನಕ್ಕೆ ರೈಬೊಸೋಮ್ ಎಂದು ಹೆಸರು. ಇದನ್ನು ನೇಕಾರನ ಮಗ್ಗಕ್ಕೆ ಹೋಲಿಸಬಹುದು. ವಂಶವಾಹಿಯಿಂದ ಬಂದ ನಕಲನ್ನು ಓದಿಕೊಂಡು, ಅಮೈನೋ ಆಮ್ಲಗಳೆಂಬ 20 ಬಗೆಯ ನೂಲುಗಳನ್ನು ಇದು ಗೊತ್ತಾದ ಕ್ರಮದಲ್ಲಿಯೇ ಜೋಡಿಸುವುದು. ಸ್ಟ್ರೆಪ್ಟೊಮೈಸಿನ್ ಈ ಮಗ್ಗಕ್ಕೆ ಅಂಟಿಕೊಂಡು ಓದುವಿಕೆಯನ್ನು ಕೆಡಿಸುವುದು. ಕೆಂಪು ನೂಲು ಇರಬೇಕಾದಲ್ಲಿ ಹಸಿರು ನೂಲು ಸೇರುವುದು. ಸೀರೆಯ ಅಂಚು ಕೆಟ್ಟರೆ ನಷ್ಟವು ನೇಕಾರನೊಬ್ಬನಿಗೆ. ಇಲ್ಲಿಯಾದರೋ ಕೆಟ್ಟ ಸಸಾರಜನಕಗಳು ಕೋಶದ ಪೊರೆಯಲ್ಲಿ ಸೇರಿ ಅದನ್ನು ಸೋರುವಂತೆ ಮಾಡಿ, ಕಡೆಗೆ ಪ್ರಾಣವನ್ನೇ ತೆಗೆಯುವುವು.

ಹೀಗಿರಲಾಗಿ, ಈ ವಿಷವನ್ನು ತನ್ನ ಹೊಟ್ಟೆಯೊಳಗೇ ತಯಾರಿಸುವ ಜೀವಿಯು ತಾನು ಹೇಗೆ ಬದುಕುವುದೆಂಬ ಪ್ರಶ್ನೆ ಏಳುವುದು ಸಹಜ. ಅದರ ಮಗ್ಗವೇನೂ ಗಟ್ಟಿಯಾದುದಲ್ಲ. ಹೊರಗೆ ತೆಗೆದು ಪರೀಕ್ಷಿಸಿದರೆ ಅದೂ ಸ್ಟ್ರೆಪ್ಟೊಮೈಸಿನ್‌ಗೆ ಬಗ್ಗುವುದು. ಅದರ ಉಪಾಯವೇ ಬೇರೆ. ಕಣದಲ್ಲಿ ಹಂತಿ ತುಳಿಯುವ ಎತ್ತಿಗೆ ಕಾಳು ತಿನ್ನದಂತೆ ಬಾಯಿಗೆ ಕುಕ್ಕೆ ಕಟ್ಟುವುದುಂಟಷ್ಟೆ. ಅದರಂತೆಯೇ ಈ ಜೀವಿಯು ತಾನು ಮಾಡುವ ವಿಷಕ್ಕೆ ತಯಾರಿಕೆಯ ಹಂತದಲ್ಲಿಯೇ ಫಾಸ್ಫೇಟಿನ ಕುಕ್ಕೆಯನ್ನು ಕಟ್ಟಿಬಿಡುವುದು. ಫಾಸ್ಫೇಟ್ ಅಂಟಿದ ಸ್ಟ್ರೆಪ್ಟೊಮೈಸಿನ್ ಮಗ್ಗವನ್ನು ಹಿಡಿಯಲಾರದು. ಅದನ್ನು ಹಾಗೆಯೇ ಕೋಶದ ಹೊರಕ್ಕೆ ಸಾಗಿಸಿದ ಮೇಲೆ, ಅಲ್ಲಿರುವ ಮತ್ತೊಂದು ಕಿಣ್ವವು ಕುಕ್ಕೆಯನ್ನು ಬಿಚ್ಚುವುದು. ಹೊರಹೋದ ವಿಷವು ಒಂದುವೇಳೆ ಮರಳಿ ಒಳಕ್ಕೆ ನುಗ್ಗಿದರೂ ಕುಕ್ಕೆ ಕಟ್ಟುವ ಕಿಣ್ವವು ಅಲ್ಲಿ ಸಿದ್ಧವಾಗಿಯೇ ಇರುವುದು.

ಎಲ್ಲ ಜೀವಿಗಳೂ ಇದೇ ಮಾರ್ಗವನ್ನು ಹಿಡಿದಿಲ್ಲ. ಎರಿಥ್ರೊಮೈಸಿನ್ ಎಂಬ ಔಷಧವು ಫಿಲಿಪೈನ್ಸ್ ದ್ವೀಪಗಳ ಮಣ್ಣಿನಿಂದ ದೊರೆತ ಜೀವಿಯೊಂದರದು. ಅದು ಹೊಸ ಸಸಾರಜನಕವು ರೈಬೊಸೋಮಿನಿಂದ ಹೊರಬರುವ ಕಿಂಡಿಯಲ್ಲಿ, ಕೆರೆಯ ತೂಬಿಗೆ ಕಸ ಸಿಕ್ಕಿಕೊಂಡಂತೆ, ಕುಳಿತುಬಿಡುವುದು. ಇದನ್ನು ತಯಾರಿಸುವ ಜೀವಿಯು ವಿಷವನ್ನು ಮುಟ್ಟುವುದಿಲ್ಲ. ತನ್ನ ತೂಬನ್ನೇ ತಿದ್ದಿಕೊಳ್ಳುವುದು. ವಿಷವು ಕೂರುವ ಒಂದೇ ಒಂದು ಸ್ಥಳದಲ್ಲಿ ಎರಡು ಮೀಥೈಲ್ ಗುಂಪುಗಳನ್ನಿರಿಸುವುದರಿಂದ ವಿಷಕ್ಕೆ ಅಲ್ಲಿ ಎಡೆಯೇ ಇಲ್ಲದಂತಾಗುವುದು.

ಇಷ್ಟೆಲ್ಲ ಎಚ್ಚರವಿದ್ದರೂ ಮಗ್ಗವು ಒಮ್ಮೊಮ್ಮೆ ನಡುವೆ ನಿಂತುಹೋಗುವುದುಂಟು. ಅಂತಹ ಸಮಯಕ್ಕಾಗಿ ಬ್ಯಾಕ್ಟೀರಿಯಾಗಳಲ್ಲಿ ವಿಶೇಷವಾದ ಒಂದು ಆರ್‌ಎನ್‌ಎ ಇರುವುದು. ಹರಿದ ನಕಲನ್ನು ಹಿಡಿದು ತಡೆದುನಿಂತ ರೈಬೊಸೋಮಿಗೆ ಇದು ತನ್ನದೇ ಚಿಕ್ಕ ನಕಲನ್ನು ಒದಗಿಸಿ ಬಿಡಿಸುವುದು. ಅರ್ಧಕ್ಕೆ ನಿಂತ ಸಸಾರಜನಕದ ತುದಿಗೆ ಒಂದು ಗುರುತು ಬೀಳುವುದು. ಗುರುತು ಬಿದ್ದುದನ್ನು ಬೇರೆ ಕಿಣ್ವಗಳು ಒಡೆದು ಅಮೈನೋ ಆಮ್ಲಗಳನ್ನು ಮತ್ತೆ ಉಪಯೋಗಕ್ಕೆ ತರುವುವು. ಈ ವ್ಯವಸ್ಥೆಯ ರೀತಿಯನ್ನು 1996ರಲ್ಲಿ ವಿವರಿಸಲಾಯಿತು. ಸ್ಟ್ರೆಪ್ಟೊಮೈಸಿಸ್‌ಗಳೂ ಇದಕ್ಕೆ ಹೊರತಲ್ಲ.

ಇಂತಹ ರಕ್ಷಣೆಗಳು ಮಣ್ಣಿನೊಳಗೆ ಬಹು ಪುರಾತನವಾದವು. ಕೆನಡಾದ ಯೂಕಾನ್ ಪ್ರದೇಶದಲ್ಲಿ 30,000 ವರ್ಷಗಳಷ್ಟು ಹಿಂದೆ ಹೆಪ್ಪುಗಟ್ಟಿದ ಮಣ್ಣಿನಿಂದ, ಔಷಧಗಳನ್ನು ನಿಷ್ಫಲಮಾಡುವ ವಂಶವಾಹಿಗಳನ್ನು ತೆಗೆದ ಸಂಗತಿಯು 2011ರಲ್ಲಿ ಪ್ರಕಟವಾಯಿತು. ಅವು ಮಣ್ಣಿನಲ್ಲಿದ್ದ ಮಾತ್ರಕ್ಕೆ ಭಯವಿಲ್ಲ. ರೋಗಕಾರಕ ಕ್ರಿಮಿಗಳ ಕೈಸೇರಿದಾಗಲೇ ತೊಂದರೆ. ಬೆನ್‌ವೆನಿಸ್ಟ್ ಮತ್ತು ಡೇವೀಸ್ ಎಂಬ ವಿಜ್ಞಾನಿಗಳು 1973ರಲ್ಲಿಯೇ, ಆಸ್ಪತ್ರೆಗಳ ಮೊಂಡು ಕ್ರಿಮಿಗಳಲ್ಲಿರುವ ಕಿಣ್ವಗಳಂತಹವೇ ಔಷಧ ತಯಾರಿಸುವ ಮಣ್ಣಿನ ಜೀವಿಗಳಲ್ಲಿಯೂ ಇರುವುದನ್ನು ತೋರಿಸಿದರು.

ಈ ವಿಷಯವು ತೋಟಗಾರರನ್ನು ನೇರವಾಗಿ ಮುಟ್ಟತಕ್ಕದ್ದು. ಅಮೆರಿಕಾದಲ್ಲಿ ಸೇಬು ಮತ್ತು ಪೇರ್ ಮರಗಳ ಬೆಂಕಿರೋಗಕ್ಕೆ ಹಲವು ದಶಕಗಳು ಸ್ಟ್ರೆಪ್ಟೊಮೈಸಿನ್ ಸಿಂಪಡಿಸುತ್ತಿದ್ದರು. ಮಿಷಿಗನ್ ಪ್ರಾಂತದ ಸೇಬಿನ ತೋಟಗಳಲ್ಲಿ ಔಷಧಕ್ಕೆ ಜಗ್ಗದ ರೋಗಾಣುಗಳು ಕಾಣಿಸಿಕೊಂಡವು. ಅವುಗಳನ್ನು ಶೋಧಿಸಲಾಗಿ, ಸ್ಟ್ರೆಪ್ಟೊಮೈಸಿನ್‌ಗೆ ಫಾಸ್ಫೇಟ್ ಅಂಟಿಸುವ ವಂಶವಾಹಿಗಳು ದೊರೆತುವು. ಅಂದರೆ ಅದೇ ಬಗೆಯ ಕುಕ್ಕೆ. ಅವು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲ ತುಣುಕಿನ ಮೇಲೆ ಇದ್ದುವೆಂಬುದನ್ನು 1993ರಲ್ಲಿ ಪ್ರಕಟಿಸಿದರು. ಸಿಂಪಡಿಸಿದಷ್ಟೂ ಕುಕ್ಕೆಯಿಲ್ಲದ ರೋಗಾಣುಗಳು ಸತ್ತು, ಕುಕ್ಕೆಯುಳ್ಳವುಗಳೇ ಹೆಚ್ಚಿದುವು.

ನಮ್ಮ ನಾಡಿನಲ್ಲಿಯೂ ದಾಳಿಂಬೆಯ ದುಂಡಾಣು ಅಂಗಮಾರಿಗೆ ಇದೇ ಸ್ಟ್ರೆಪ್ಟೊಮೈಸಿನ್ನನ್ನು ಟೆಟ್ರಾಸೈಕ್ಲಿನ್ ಜೊತೆಗೆ ಬೆರೆಸಿ ಸಿಂಪಡಿಸುವ ವಾಡಿಕೆ ಬೆಳೆದುಬಂದಿತು. ಕ್ಷಯರೋಗಿಗೆ ಚುಚ್ಚುವ ಮದ್ದನ್ನೇ ಎಕರೆಗಟ್ಟಲೆ ಗಾಳಿಗೆ ಬಿಡುವುದು ವಿವೇಕವಾಗಿ ತೋರುವುದಿಲ್ಲ. 2021ರ ಡಿಸೆಂಬರಿನಲ್ಲಿ ಭಾರತ ಸರ್ಕಾರವು ಬೇಸಾಯದಲ್ಲಿ ಇವೆರಡರ ಬಳಕೆಯನ್ನು ನಿಲ್ಲಿಸುವುದಕ್ಕಾಗಿ ಕರಡು ಆಜ್ಞೆಯೊಂದನ್ನು ಪ್ರಕಟಿಸಿತು. ಅಂಗಡಿಯವನ ಮಾತಿಗೆ ಕಿವಿಗೊಡುವುದಕ್ಕೆ ಮೊದಲು, ರೋಗವಿಲ್ಲದ ತೋಟದಿಂದಲೇ ಸಸಿಗಳನ್ನು ತರಿಸತಕ್ಕದ್ದು. ಚುಕ್ಕೆಬಿದ್ದ ಕೊಂಬೆ, ಎಲೆ, ಕಾಯಿಗಳನ್ನು ಕತ್ತರಿಸಿ, ಉದುರಿದುದನ್ನೂ ಗುಡಿಸಿ ತೋಟದಿಂದ ದೂರದಲ್ಲಿ ಸುಡತಕ್ಕದ್ದು. ಒಂದು ಗಿಡಕ್ಕೆ ಬಳಸಿದ ಕತ್ತರಿಯನ್ನು ಶುದ್ಧಿಮಾಡದೆ ಇನ್ನೊಂದಕ್ಕೆ ಹಾಕಬಾರದು. ಸವರಿದ ಕೂಡಲೇ ಶೇಕಡಾ 1ರ ಬೋರ್ಡೋ ದ್ರಾವಣವನ್ನು, ಸುಣ್ಣವೂ ಮೈಲುತುತ್ತವೂ ಸರಿಯಾಗಿ ಕೂಡಿರುವುದನ್ನು ನೋಡಿಕೊಂಡು, ಅದೇ ದಿನ ತಯಾರಿಸಿ ಸಿಂಪಡಿಸತಕ್ಕದ್ದು.