ಸ್ವಾಮಿ ಮನೆಯಲ್ಲಿ ಹೇಳಿದ್ದು, ಹೇಳದೆ ಉಳಿಸಿಕೊಂಡದ್ದು

ಸೋಮವಾರ ಬೆಳಿಗ್ಗೆ ಹೊಟ್ಟೆನೋವೆಂದು ಮುಸುಕೆಳೆದು ಮಲಗುವ ಮಗುವನ್ನು ಕಾಣದ ಮನೆ ವಿರಳ. ಸೋಮಾರಿತನವೆಂದು ಗದರಿಸಿ, ಬೆನ್ನಿಗೆ ಚೀಲವೇರಿಸಿ ಶಾಲೆಗೆ ಅಟ್ಟುವುದು ನಮ್ಮೆಲ್ಲರ ವಾಡಿಕೆ. ಆ ಹೊಟ್ಟೆನೋವಿನ ಹಿಂದೆ ಸಹಪಾಠಿಗಳ ಕಾಟವೋ ಶಿಕ್ಷಕರ ಚುಚ್ಚುಮಾತೋ ಅಡಗಿದ್ದೀತೆಂಬ ಸಂದೇಹ ಅನೇಕ ಹೆತ್ತವರಿಗೆ ಬರುವುದೇ ಇಲ್ಲ. ಈ ವಿಷಯವನ್ನು ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಆಲೋಚಿಸಲು ನೆರವಾಗುವ ಒಂದು ಚಿತ್ರವನ್ನು ಈ ವಾರ ಓದುಗರಿಗೆ ನೆನಪಿಸಬಯಸುತ್ತೇವೆ. ಅದು ಶಂಕರ್ ನಾಗ್ ನಿರ್ದೇಶಿಸಿದ 'ಸ್ವಾಮಿ'.

ಆರ್. ಕೆ. ನಾರಾಯಣರ ಕಥೆಗಳನ್ನು ಆಧರಿಸಿದ 'ಮಾಲ್ಗುಡಿ ಡೇಸ್' ಧಾರಾವಾಹಿ ದೂರದರ್ಶನದಲ್ಲಿ ಪ್ರಸಾರವಾಗಿ ನಾಡಿನ ಮನೆಮನೆಗಳಲ್ಲಿ ನೆಲೆಸಿದ ಸಂಗತಿ ಹಿರಿಯರಿಗೆ ನೆನಪಿದ್ದೀತು. ಟಿ. ಎಸ್. ನರಸಿಂಹನ್ ನಿರ್ಮಾಪಕರು, ಆಗುಂಬೆಯೇ ಮಾಲ್ಗುಡಿಯಾಯಿತು. ಸ್ವಾಮಿಯ ಪಾತ್ರವನ್ನು ಮಾಸ್ಟರ್ ಮಂಜುನಾಥ್, ತಂದೆಯ ಪಾತ್ರವನ್ನು ಗಿರೀಶ್ ಕಾರ್ನಾಡರು, ತಾಯಿಯ ಪಾತ್ರವನ್ನು ವೈಶಾಲಿ ಕಾಸರವಳ್ಳಿಯವರು ನಿರ್ವಹಿಸಿದರು. ಸ್ವಾಮಿಯ ಕಥೆ ಹಿಂದಿಯಲ್ಲಿ ಚಲನಚಿತ್ರವಾಗಿಯೂ ಬಂದು, ಮಂಜುನಾಥ್ ಅವರಿಗೆ 1987ರ ಸಾಲಿನ ಅತ್ಯುತ್ತಮ ಬಾಲನಟ ರಾಷ್ಟ್ರಪ್ರಶಸ್ತಿಯನ್ನು ತಂದುಕೊಟ್ಟಿತು.

ಈ ಕಥೆಗೂ ನಮ್ಮ ಬೆಂಗಳೂರಿಗೂ ಹಳೆಯ ನಂಟಿದೆ. ನಾರಾಯಣರು 1930ರಲ್ಲಿ ಅಜ್ಜಿ ಆರಿಸಿಕೊಟ್ಟ ಶುಭದಿನದಂದು ಒಂದು ನೋಟ್‌ಪುಸ್ತಕವನ್ನು ಕೊಂಡು, ಕಾದಂಬರಿಯ ಮೊದಲ ಸಾಲನ್ನು ಬರೆದುದು ಇದೇ ಊರಿನಲ್ಲಿ. ಮಲ್ಲೇಶ್ವರದ ಮೊದಲಕ್ಷರಗಳೂ ಬಸವನಗುಡಿಯ ಕೊನೆಯಕ್ಷರಗಳೂ ಕೂಡಿ ಮಾಲ್ಗುಡಿಯಾಯಿತೆಂದು ಈ ಬಡಾವಣೆಗಳ ಜನ ಇಂದಿಗೂ ಅಭಿಮಾನದಿಂದ ಹೇಳುವುದುಂಟು. ಹೆಸರು ತಾನಾಗಿಯೇ ಹೊಳೆಯಿತೆಂಬುದು ಲೇಖಕರ ಮಾತು. 'ಸ್ವಾಮಿ ಅಂಡ್ ಫ್ರೆಂಡ್ಸ್' ಎಂಬ ಆ ಕಾದಂಬರಿ, ಗ್ರಹಾಂ ಗ್ರೀನರ ಪ್ರಯತ್ನದಿಂದ 1935ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು.

ಚಿತ್ರವನ್ನು ನೋಡಿದ ಬಳಿಕ ಮೂಲ ಕಾದಂಬರಿಯನ್ನೂ ಮಕ್ಕಳೊಡನೆ ಓದಬೇಕೆಂಬುದು ನಮ್ಮ ಸಲಹೆ. ಕಥೆ ಆರಂಭವಾಗುವುದೇ ಸೋಮವಾರದ ಬೆಳಿಗ್ಗೆ, ಕಣ್ಣು ತೆರೆಯಲು ಮನಸ್ಸಿಲ್ಲದ ಬಾಲಕನಿಂದ. ಶಾಲೆಯಲ್ಲಿ ಸ್ವಾಮಿಗೆ ಒದಗುವ ನೋವುಗಳಲ್ಲಿ ಮೂರನ್ನು ಇಲ್ಲಿ ಎತ್ತಿಕೊಳ್ಳುತ್ತೇವೆ.

ಮೊದಲನೆಯದು ಶಿಕ್ಷಕರಿಂದ ಬಂದದ್ದು. ಸ್ವಾಮಿ ಓದುವುದು ಆಲ್ಬರ್ಟ್ ಮಿಷನ್ ಶಾಲೆಯಲ್ಲಿ. ಅಲ್ಲಿ ಬೈಬಲ್ ಬೋಧಿಸುವ ಎಬೆನೇಜರ್ ಎಂಬ ಉಪಾಧ್ಯಾಯರು ಹಿಂದೂ ದೇವತೆಗಳನ್ನು ಹೀಯಾಳಿಸಿ ಕ್ರಿಸ್ತರನ್ನು ಕೊಂಡಾಡುವ ಪದ್ಧತಿಯವರು. ಸಹಿಸಲಾರದೆ ಸ್ವಾಮಿ ಎದುರು ಪ್ರಶ್ನೆ ಹಾಕುತ್ತಾನೆ. ಉಪಾಧ್ಯಾಯರು ಅವನ ಕಿವಿಯನ್ನು ಹಿಂಡುತ್ತಾರೆ. ಸ್ವಾಮಿ ಇದನ್ನು ಮನೆಯಲ್ಲಿ ಹೇಳುತ್ತಾನೆ. ತಂದೆ ಅವನನ್ನು ಗದರಿಸದೆ, ಮುಖ್ಯೋಪಾಧ್ಯಾಯರಿಗೆ ಗಂಭೀರವಾದ ಒಂದು ಪತ್ರವನ್ನು ಬರೆದು ಮಗನ ಕೈಯಲ್ಲೇ ಕಳುಹಿಸುತ್ತಾರೆ. ಮುಖ್ಯೋಪಾಧ್ಯಾಯರು ತರಗತಿಗೆ ಬಂದು ಪಾಠವನ್ನು ಕಣ್ಣಾರೆ ಕಂಡು, ಎಬೆನೇಜರರನ್ನು ನಿಲ್ಲಿಸಿಕೊಳ್ಳುತ್ತಾರೆ. ಆದರೆ ಸ್ವಾಮಿಗೆ ಅವರು ಹೇಳುವ ಬುದ್ಧಿಮಾತನ್ನು ಗಮನಿಸಬೇಕು: ತಂದೆಯವರೆಗೆ ಹೋದದ್ದು ತಪ್ಪು, ತನ್ನ ಬಳಿ ಬಂದಿದ್ದರೆ ಸಾಕಿತ್ತು ಎಂದು. ನೋವುಂಡ ಮಗುವಿಗೆ ಮೊದಲು ಸಿಕ್ಕದ್ದು ಸಾಂತ್ವನವಲ್ಲ, ಆಕ್ಷೇಪಣೆ.

ಕಥೋಲಿಕರಾದ ನಾವು ಈ ಅಧ್ಯಾಯವನ್ನು ಓದುವಾಗ ಮುಖ ತಿರುಗಿಸಲಾಗದು. ಇದು ಕೇವಲ ಕಲ್ಪನೆಯೂ ಅಲ್ಲ. ಮದರಾಸಿನ ಲೂಥರನ್ ಮಿಷನ್ ಶಾಲೆಯಲ್ಲಿ, ತರಗತಿಯ ಏಕೈಕ ಬ್ರಾಹ್ಮಣ ಬಾಲಕನಾಗಿದ್ದ ತಾವು ಇಂತಹುದೇ ಅವಹೇಳನವನ್ನು ಉಂಡುದಾಗಿ ನಾರಾಯಣರು ಆತ್ಮಕಥೆಯಲ್ಲಿ ಬರೆದಿದ್ದಾರೆ. ಕ್ರೈಸ್ತ ಸಂಸ್ಥೆಗಳ ಶಾಲೆಗಳಲ್ಲಿ ಅನ್ಯಧರ್ಮೀಯರ ಮಕ್ಕಳು ಇಂದಿಗೂ ದೊಡ್ಡ ಸಂಖ್ಯೆಯಲ್ಲಿ ಓದುತ್ತಿದ್ದಾರೆ. ನಮ್ಮನ್ನು ನಂಬಿ ಮಕ್ಕಳನ್ನು ಕಳುಹಿಸಿದ ಆ ಹೆತ್ತವರಿಗೆ ನಾವು ಉತ್ತರಿಸಬೇಕಾದವರು. ಹಾಗೆಯೇ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ಶಾಲೆಗಳಲ್ಲಿ ತರಗತಿಗೊಬ್ಬರೋ ಇಬ್ಬರೋ ಆಗಿ ಕುಳಿತುಕೊಳ್ಳುವ ನಮ್ಮ ಮಕ್ಕಳೂ ಇದ್ದಾರೆ. ಹೆಸರಿನ ಕಾರಣಕ್ಕೆ, ಕೊರಳಿನ ಶಿಲುಬೆಯ ಕಾರಣಕ್ಕೆ, ಊಟದ ಡಬ್ಬಿಯ ಕಾರಣಕ್ಕೆ ಒಂಟಿಯಾಗುವುದೆಂದರೇನೆಂದು ಅವರು ಬಲ್ಲರು. ನೋಯುವವನು ನಮ್ಮವನಾದರೆ ಅನ್ಯಾಯ, ನೋಯಿಸುವವನು ನಮ್ಮವನಾದರೆ ತಮಾಷೆ ಎಂಬ ಎರಡು ಅಳತೆಗೋಲು ಸಲ್ಲದು.

ಎರಡನೆಯ ನೋವು ಗೆಳೆಯರದು. ಪೊಲೀಸ್ ಅಧಿಕಾರಿಯ ಮಗನಾದ ರಾಜಂ ಎಂಬ ಹೊಸ ಹುಡುಗನೊಡನೆ ಸ್ವಾಮಿ ಸ್ನೇಹ ಬೆಳೆಸಿದೊಡನೆ, ಹಳೆಯ ಗೆಳೆಯರಾದ ಸೋಮು, ಶಂಕರ ಮತ್ತು ಸ್ಯಾಮುವೆಲ್ ಅವನೊಡನೆ ಮಾತು ಬಿಡುತ್ತಾರೆ. 'ರಾಜಂನ ಬಾಲ' ಎಂದು ಅವನಿಗೆ ಹೆಸರಿಡುತ್ತಾರೆ. ಒಂದು ದಿನ ಕರಿಹಲಗೆಯ ಮೇಲೆ ದೊಡ್ಡಕ್ಷರಗಳಲ್ಲಿ ಅದೇ ಪದ. ಸ್ವಾಮಿ ಬರಿಗೈಯಿಂದಲೇ ಅದನ್ನು ಉಜ್ಜಿ ಅಳಿಸುತ್ತಾನೆ. ಬಳಿಕ ಹೊಡೆದಾಟವಾಗುತ್ತದೆ. ಸ್ಯಾಮುವೆಲನ ವಿಷಯ ವಿಚಾರಾರ್ಹ. ಗಾತ್ರದಲ್ಲಿ ಪುಟ್ಟವನೆಂದು ತರಗತಿಯೆಲ್ಲ ಅವನನ್ನು 'ಬಟಾಣಿ' ಎಂದು ಕರೆಯುತ್ತದೆ. ಅಡ್ಡಹೆಸರನ್ನು ಹೊತ್ತವನೇ ಇನ್ನೊಬ್ಬನಿಗೆ ಅಡ್ಡಹೆಸರಿಡುವವರ ಸಾಲಿನಲ್ಲಿ ಸೇರಿದ್ದಾನೆ. ಶಾಲಾಂಗಳಗಳಲ್ಲಿ ನಡೆಯುವುದೂ ಹೀಗೆಯೇ. ಬೆತ್ತದ ಏಟಿನಂತೆ ಬಾಸುಂಡೆ ಮೂಡಿಸದ ಕಾರಣ ಈ ಕಾಟ ಹಿರಿಯರ ಕಣ್ಣಿಗೆ ಬೀಳುವುದಿಲ್ಲ. ಎಬೆನೇಜರರ ಸಂಗತಿಗೆ ಪತ್ರ ಬರೆದ ತಂದೆಯಿಂದ 'ಬಾಲ'ದ ಸಂಗತಿಗೆ ಯಾವ ಪತ್ರವೂ ಹೋಗುವುದಿಲ್ಲ. ಕೊನೆಗೆ ಇದನ್ನು ಪರಿಹರಿಸುವವನು ಸ್ವತಃ ರಾಜಂ. ಎಲ್ಲರನ್ನೂ ಒಂದೆಡೆ ಸೇರಿಸಿ, ಹಗೆತನವನ್ನು ಬಿಡುವಂತೆ ಒಪ್ಪಿಸಿ, ರಾಜಿ ಮಾಡಿಸುತ್ತಾನೆ. ತರಗತಿಯಲ್ಲಿ ಗೌರವವಿರುವ ಒಬ್ಬ ಹುಡುಗ ಮನಸ್ಸು ಮಾಡಿದರೆ ಎಷ್ಟಾಗುತ್ತದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಮೂರನೆಯದು ಎಲ್ಲಕ್ಕಿಂತ ಗಂಭೀರ. 1930ರ ಆಗಸ್ಟ್ ತಿಂಗಳ ಹರತಾಳದ ಪರಿಣಾಮವಾಗಿ ಸ್ವಾಮಿ ಮಿಷನ್ ಶಾಲೆಯನ್ನು ಬಿಟ್ಟು ಬೋರ್ಡ್ ಹೈಸ್ಕೂಲಿಗೆ ಸೇರುತ್ತಾನೆ. ಅಲ್ಲಿ ಡ್ರಿಲ್ ತಪ್ಪಿಸಿದ್ದಕ್ಕೆ ಮುಖ್ಯೋಪಾಧ್ಯಾಯರು ಬೆತ್ತವೆತ್ತಿದಾಗ ಅದನ್ನು ಕಿತ್ತು ಕಿಟಕಿಯಾಚೆ ಎಸೆದು ಓಡುತ್ತಾನೆ. ಮನೆಗಲ್ಲ, ಅಪ್ಪನಿಗೆ ಮುಖ ತೋರಿಸುವ ಧೈರ್ಯ ಸಾಲದೆ ಊರನ್ನೇ ಬಿಟ್ಟು ಓಡುತ್ತಾನೆ. ರಾತ್ರಿ ಕಾಡಿನ ದಾರಿಯಲ್ಲಿ ದಿಕ್ಕು ತಪ್ಪಿ, ಪ್ರಜ್ಞೆ ತಪ್ಪಿ ಬೀಳುತ್ತಾನೆ. ಅರಣ್ಯಾಧಿಕಾರಿಯ ದಯೆಯಿಂದ ಮರಳಿ ಮನೆ ಸೇರುತ್ತಾನೆ. ಮೊದಲ ಬಾರಿ ಪತ್ರ ಬರೆದು ಮಗನ ಬೆಂಬಲಕ್ಕೆ ನಿಂತ ಅದೇ ತಂದೆ ಮನೆಯಲ್ಲಿದ್ದರು. ಆದರೂ ಈ ಬಾರಿ ತನ್ನದೂ ತಪ್ಪಿದೆಯೆಂದು ಹೆದರಿದ ಮಗು ಅವರ ಬಳಿಗೆ ಬರಲಿಲ್ಲ. ತಪ್ಪು ಮಾಡಿದ ದಿನವೂ ಮನೆಯ ಬಾಗಿಲು ತನಗೆ ತೆರೆದಿರುತ್ತದೆಂಬ ಭರವಸೆ ಅವನಿಗಿರಲಿಲ್ಲ. ಹೆತ್ತವರು ಈ ಕಥೆಯಿಂದ ಕಲಿಯಬೇಕಾದ ಮುಖ್ಯ ಪಾಠ ಇದೇ ಎಂದು ನಾವು ಭಾವಿಸುತ್ತೇವೆ. ದುಂದು ಮಾಡಿ ಮರಳಿ ಬಂದ ಮಗನನ್ನು ದೂರದಿಂದಲೇ ಕಂಡು ಎದುರುಗೊಂಡ ತಂದೆಯ ಸಾಮತಿಯನ್ನು ದೇವಾಲಯದಲ್ಲಿ ಎಷ್ಟು ಬಾರಿ ಕೇಳಿದ್ದೇವೆ! ಪ್ರಗತಿಪತ್ರದಲ್ಲಿ ಕೆಂಪು ಗೆರೆ ಬಿದ್ದ ಸಂಜೆ ಅದು ನಮಗೆ ನೆನಪಾಗುವುದುಂಟೇ?

ಇದು ಒಂದು ಊರಿನ ಅಥವಾ ಒಂದು ಕಾಲದ ಸಮಸ್ಯೆಯಲ್ಲ. ಜಗತ್ತಿನ ವಿದ್ಯಾರ್ಥಿಗಳಲ್ಲಿ ಸುಮಾರು ಮೂವರಲ್ಲೊಬ್ಬರು ಹಿಂದಿನ ಒಂದು ತಿಂಗಳಲ್ಲಿ ಶಾಲೆಯಲ್ಲಿ ಇಂತಹ ಪೀಡನೆಗೆ ಒಳಗಾಗಿದ್ದರೆಂದು ಯುನೆಸ್ಕೊ 2019ರ ವರದಿಯಲ್ಲಿ ತಿಳಿಸಿದೆ. ಈಗ ಕರಿಹಲಗೆಯ ಸ್ಥಾನಕ್ಕೆ ಮೊಬೈಲ್ ಬಂದಿದೆ. ಅಲ್ಲಿ ಬರೆದ ಪದವನ್ನು ಬರಿಗೈಯಿಂದ ಅಳಿಸಲಾಗದು. ಅದು ಶಾಲೆಯ ಗಂಟೆ ಬಾರಿಸಿದ ಮೇಲೂ ಮಗುವಿನ ಬೆನ್ನು ಹತ್ತಿ ಮನೆಗೆ ಬರುತ್ತದೆ.

ಹೆತ್ತವರು ಮಾಡಬಹುದಾದ ಕೆಲಸಗಳು ಸರಳವಾಗಿವೆ. 'ಎಷ್ಟು ಮಾರ್ಕ್ಸ್ ಬಂತು?' ಎಂದು ಕೇಳುವ ಮೊದಲು 'ಇವತ್ತು ಯಾರ ಜೊತೆ ಕೂತು ಊಟ ಮಾಡಿದೆ?' ಎಂದು ಕೇಳೋಣ. ಮಗು ಹೇಳತೊಡಗಿದಾಗ ಮಧ್ಯೆ ಬಾಯಿ ಹಾಕದೆ ಕೇಳೋಣ. 'ನೀನೂ ನಾಲ್ಕು ಬಿಗಿ' ಎಂದಾಗಲಿ, 'ನೀನೇ ಏನೋ ಮಾಡಿರಬೇಕು' ಎಂದಾಗಲಿ ಹೇಳದಿರೋಣ. ನಡೆದುದನ್ನು ದಿನಾಂಕ ಸಹಿತ ಬರೆದಿಟ್ಟು, ಸ್ವಾಮಿಯ ತಂದೆಯಂತೆ ತರಗತಿಯ ಶಿಕ್ಷಕರಿಗೋ ಮುಖ್ಯೋಪಾಧ್ಯಾಯರಿಗೋ ಲಿಖಿತವಾಗಿ ತಿಳಿಸೋಣ. ಮಕ್ಕಳ ಶಿಕ್ಷಣ ಹಕ್ಕಿನ 2009ರ ಕಾಯಿದೆಯ 17ನೆಯ ಕಲಮು ಶಾಲೆಯಲ್ಲಿ ದೈಹಿಕ ದಂಡನೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ತುರ್ತು ನೆರವಿಗಾಗಿ 1098 ಎಂಬ ಮಕ್ಕಳ ಸಹಾಯವಾಣಿ ಇದೆ. ಮಕ್ಕಳೇ ಅದಕ್ಕೆ ಕರೆ ಮಾಡಬಹುದು.

ನಮ್ಮ ಮಗುವೇ ಇನ್ನೊಬ್ಬರನ್ನು ಗೋಳುಹೊಯ್ದುಕೊಳ್ಳುತ್ತಿದೆಯೆಂಬ ದೂರು ಬಂದರೆ? ಕೂಡಲೇ ಮಗುವಿನ ಪರ ವಾದಕ್ಕೆ ಇಳಿಯುವುದೂ, ಬೆಲ್ಟು ತೆಗೆಯುವುದೂ ಎರಡೂ ತಪ್ಪು. ಒಂಬತ್ತನೆಯ ವಯಸ್ಸಿನಲ್ಲಿ ಸಂತ ಜಾನ್ ಬಾಸ್ಕೊ ಕಂಡ ಕನಸನ್ನು ಜ್ಞಾನೋಪದೇಶ ತರಗತಿಯಲ್ಲಿ ಕಲಿತವರು ಬಲ್ಲರು. ಕೆಟ್ಟ ಮಾತಾಡುತ್ತಿದ್ದ ಹುಡುಗರ ಮೇಲೆ ಮುಷ್ಟಿ ಬಿಗಿದು ಏರಿಹೋದ ಅವರಿಗೆ, ಹೊಡೆತದಿಂದಲ್ಲ, ಸೌಮ್ಯತೆಯಿಂದ ಅವರನ್ನು ಗೆಲ್ಲಬೇಕೆಂಬ ಆದೇಶ ದೊರೆಯಿತು. ಮುಂದೆ ಅವರು ಕಟ್ಟಿದ ಶಿಕ್ಷಣ ಪದ್ಧತಿಯೆಲ್ಲ ಆ ಮಾತಿನ ಮೇಲೆಯೇ ನಿಂತಿತು.

ಮುಂದಿನ ಭಾನುವಾರ ಬಲಿಪೂಜೆ ಮುಗಿಸಿ ಬಂದ ಮೇಲೆ, ಅಜ್ಜ ಅಜ್ಜಿಯರನ್ನೂ ಕೂರಿಸಿಕೊಂಡು ಸ್ವಾಮಿಯ ಕಥೆಯನ್ನು ನೋಡಿರೆಂದು ಕೋರುತ್ತೇವೆ. ನೋಡಿ ಮುಗಿದ ಮೇಲೆ ಉಪದೇಶ ಬೇಡ. 'ನಿನ್ನ ಕ್ಲಾಸಿನಲ್ಲೂ ಹೀಗೆ ಯಾರಿಗಾದರೂ ಹೆಸರಿಟ್ಟಿದ್ದಾರಾ?' ಎಂದು ಕೇಳಿ ಸುಮ್ಮನಿರಿ. ಉತ್ತರ ಅಂದೇ ಬರದಿರಬಹುದು. ಎರಡು ದಿನ ಬಿಟ್ಟು, ದೀಪ ಆರಿಸಿ ಮಲಗುವ ಹೊತ್ತಿಗೆ ಬಂದರೂ, ಎದ್ದು ಕುಳಿತು ಕೇಳಿಸಿಕೊಳ್ಳಿ.