ಚಿಗುರಿತು, ಬೇರು ಬರಲಿಲ್ಲ

ಮಲೆನಾಡಿನ ಕಾಳುಮೆಣಸಿನ ನರ್ಸರಿಗಳಲ್ಲಿ ವರ್ಷವೂ ಎದುರಾಗುವ ನಿರಾಸೆ ಇದು. ಫೆಬ್ರುವರಿ, ಮಾರ್ಚ್‌ನಲ್ಲಿ ಚೀಲಕ್ಕೆ ನೆಟ್ಟ ಬಳ್ಳಿ ತುಂಡುಗಳು ಕೆಲವು ವಾರಗಳಲ್ಲೇ ಗೆಣ್ಣಿನಿಂದ ಹಸಿರು ಹೊರಹಾಕುತ್ತವೆ. ಇನ್ನು ಚಿಂತೆಯಿಲ್ಲ ಅಂದುಕೊಳ್ಳುವ ಹೊತ್ತಿಗೆ ಚಿಗುರು ಜೋತುಬೀಳುತ್ತದೆ. ಎತ್ತಿದರೆ ತುಂಡು ಸಲೀಸಾಗಿ ಕೈಗೆ ಬರುತ್ತದೆ. ಅಡಿಯಲ್ಲಿ ಒಂದು ಬೇರೂ ಇಲ್ಲ.

ಚಿಗುರುವುದಕ್ಕೆ ಬೇರು ಬೇಕಾಗಿಲ್ಲ. ಕಾಂಡದಲ್ಲಿ ಕೂಡಿಟ್ಟ ಪಿಷ್ಟ ಮತ್ತು ನೀರನ್ನೇ ಖರ್ಚುಮಾಡಿ ಮೊಗ್ಗು ಬಿಚ್ಚಿಕೊಳ್ಳುತ್ತದೆ. ಆ ಉಳಿತಾಯ ಮುಗಿಯುವುದರೊಳಗೆ ಬೇರು ಮೂಡಿದರೆ ತುಂಡು ಬದುಕಿತು. ಬೇರು ಮೂಡಿಸುವ ಆಕ್ಸಿನ್ ಎಂಬ ಹಾರ್ಮೋನು ಎಳೆ ಮೊಗ್ಗು, ಎಲೆಗಳಲ್ಲಿ ತಯಾರಾಗಿ ಕಾಂಡದೊಳಗೆ ತುದಿಯಿಂದ ಬುಡದತ್ತ ಸಾಗುತ್ತದೆ. ಕತ್ತರಿಸಿದ ಬುಡದಲ್ಲಿ ದಾರಿ ಮುಗಿದು ಅಲ್ಲೇ ಶೇಖರವಾದಾಗ, ಒಳಗಿನ ಕೆಲವು ಜೀವಕೋಶಗಳು ಹಳೆಯ ಕೆಲಸ ಬಿಟ್ಟು ಬೇರಾಗಲು ಹೊರಡುತ್ತವೆ. ತುಂಡನ್ನು ತಲೆಕೆಳಗಾಗಿ ನೆಟ್ಟರೂ ಆಕ್ಸಿನ್ ಮೂಲ ಬುಡದ ಕಡೆಗೇ ಹೋಗುತ್ತದೆ. ಅದಕ್ಕೇ ಅನುಭವಿಗಳು ಕತ್ತರಿಸುವಾಗಲೇ ಬುಡವನ್ನು ಓರೆಯಾಗಿ, ತಲೆಯನ್ನು ನೇರವಾಗಿ ಕೊಯ್ದು ಗುರುತು ಉಳಿಸಿಕೊಳ್ಳುತ್ತಾರೆ.

ಯಾವ ಬಳ್ಳಿಯಿಂದ ಕತ್ತರಿಸಿದಿರಿ ಎಂಬುದೂ ಮುಖ್ಯ. ತಾಯಿಬಳ್ಳಿಯ ಬುಡದಿಂದ ನೆಲದ ಮೇಲೆ ಹರಿಯುವ ಹಬ್ಬುಬಳ್ಳಿಯ ನಡುಭಾಗವೇ ಉತ್ತಮ. ತುದಿ ತೀರಾ ಎಳಸು, ಬುಡ ತೀರಾ ಬಲಿತದ್ದು. ಕಾಳು ಕಟ್ಟುವ ಅಡ್ಡರೆಂಬೆಗೆ ಬೇರು ಬರಿಸುವುದು ಕಷ್ಟ. ಬಂದರೂ ಆ ಗಿಡ ಮರ ಹತ್ತದೆ ಪೊದೆಯಾಗಿಯೇ ಉಳಿಯುತ್ತದೆ.

ಸೋತ ತುಂಡನ್ನು ಎಸೆಯುವ ಮುನ್ನ ಅದರ ಬುಡವನ್ನು ನೋಡಿ. ಮೆತ್ತಗಾಗಿ ಕಪ್ಪಾಗಿದ್ದರೆ ಮಣ್ಣಿನಲ್ಲಿ ನೀರು ನಿಂತಿದೆ. ಮೂಡುವ ಬೇರಿಗೂ ಉಸಿರಾಟಕ್ಕೆ ಆಮ್ಲಜನಕ ಬೇಕು. ನೀರು ತುಂಬಿದ ಜೇಡಿಮಣ್ಣಿನಲ್ಲಿ ಅದು ಸಿಗುವುದಿಲ್ಲ, ಫೈಟಾಫ್ತೊರಾದಂಥ ಕೊಳೆರೋಗಾಣುವಿಗೆ ಮಾತ್ರ ಹಬ್ಬ. ಅಲ್ಲಿ ಬೇಕಾದದ್ದು ಮರಳು ಬೆರೆಸಿದ ಮಣ್ಣು, ನೀರು ಬಸಿಯಲು ಚೀಲದಲ್ಲಿ ತೂತು. ತುಂಡು ಒಣಗಿ ಸುಕ್ಕುಗಟ್ಟಿದ್ದರೆ ಎಲೆಗಳೇ ನೀರು ಕಳೆದಿವೆ. ನೆಡುವಾಗ ತೊಟ್ಟು ಉಳಿಸಿ ಎಲೆ ಕತ್ತರಿಸುವುದು, ನೆರಳು ಮತ್ತು ತೇವದ ಗಾಳಿ ಕೊಡುವುದು ಇದಕ್ಕೇ. ಗಟ್ಟಿಯಾಗಿದ್ದು ಕೊಯ್ದ ಬಾಯಲ್ಲಿ ಬಿಳಿ ದಪ್ಪನೆಯ ಗಂಟು ಕಂಡರೆ ಅದು ಗಾಯ ಮಾಯುತ್ತಿರುವ ಗುರುತು. ಗಂಟಿದ್ದರೆ ಬೇರು ಬಂದೇ ಬರುತ್ತದೆ ಎಂದೇನಿಲ್ಲ, ಆದರೆ ಜೀವ ಇದೆ. ಮತ್ತೆ ನೆಟ್ಟು ಕಾಯಿರಿ. ಅಂಗಡಿಯ ಬೇರು ಬರಿಸುವ ಪುಡಿಯಲ್ಲಿ ಇರುವುದು ಸಾಮಾನ್ಯವಾಗಿ ಐಬಿಎ, ಬೇಗ ಕೆಡದ ಆಕ್ಸಿನ್. ಅತಿಯಾದರೆ ಅದೇ ಬೇರನ್ನು ತಡೆಯುತ್ತದೆ.

ನನ್ನ ಮೆಚ್ಚುಗೆಯೆಲ್ಲ ಸರ್ಪಂಟೈನ್ ಪದ್ಧತಿಗೆ. ಕಲ್ಲಿಕೋಟೆಯ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯೂ ಇದನ್ನು ಶಿಫಾರಸು ಮಾಡುತ್ತದೆ. ಬೇರುಬಿಟ್ಟ ಒಂದು ಗಿಡದ ಬಳ್ಳಿಯನ್ನು ಸಾಲಾಗಿಟ್ಟ ಚೀಲಗಳ ಮೇಲೆ ಹರಿಯಬಿಟ್ಟು, ಪ್ರತಿ ಗೆಣ್ಣನ್ನೂ ಒಂದೊಂದು ಚೀಲದ ಮಣ್ಣಿಗೆ ಒತ್ತಿ ಕಡ್ಡಿಯಿಂದ ಬಿಗಿಯುತ್ತಾರೆ. ಬೇರು ಬರುವವರೆಗೂ ತಾಯಿಗಿಡ ಊಟ ಕೊಡುತ್ತದೆ. ಸುಮಾರು 3 ತಿಂಗಳಿಗೆ ಮೊದಲ 10 ಗೆಣ್ಣುಗಳು ಬೇರೂರುತ್ತವೆ; ಕತ್ತರಿ ಆಡಿಸುವುದು ಆಮೇಲೆ.